ಮುಲುಂಡಿನ ಗಾಡಿಯ ಬಡಿತ

ಆ ಎಂಜಿನ್ನಿನ ಒಳಗೆ ಒಂದು ಬಡಿತ ಇತ್ತು. ನನಗೆ ಅದು ಕೇಳಿಸಿತ್ತು. ವಾಸಣ್ಣನಿಂದ ನಾನದನ್ನು ಮುಚ್ಚಿಟ್ಟೆ.

ಇಷ್ಟೇ ವಿಷಯ. ಈ ಮೂರು ವಾಕ್ಯ ಬರೆಯಲು ನನಗೆ ಆರು ವರ್ಷ ಹಿಡಿಯಿತು — ನಿಲ್ಲಿಸದೆ ಮಾತನಾಡುವ ಬಾಯಿ ಎಂದು ಹೆಸರಾದ ನನಗೆ.

ನಾನಾಗ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ವಯಸ್ಸು ಹತ್ತೊಂಬತ್ತು. ಸಂಬಳ ಸಣ್ಣದು, ಮೂಗು ದೊಡ್ಡದು, ಬಾಯಿ ಮೂಗಿಗಿಂತಲೂ ದೊಡ್ಡದು. ಗಿರಾಕಿ ಯಾವ ದನಿಯಲ್ಲಿ ದೋಸೆ ಕೇಳುತ್ತಾನೋ ಅದೇ ದನಿಯಲ್ಲಿ ಅಡುಗೆಮನೆಗೆ ಕೂಗುವುದು ನನ್ನ ಕ್ರಮ. ಪಾರ್ಸಿ ಮುದುಕ, ಗುಜರಾತಿ ಸೇಠ್, ಮೂಗಿನಲ್ಲೇ ಮಾತನಾಡುವ ಪೋಸ್ಟ್ ಮಾಸ್ತರರು — ದನಿ ಕೇಳಿದರೆ ಸಾಕು, ಯಾರ ಚಟ್ನಿಗೆ ಎಷ್ಟು ಖಾರ ಎಂದು ಒಳಗಿನ ಭಟ್ಟರಿಗೆ ಗೊತ್ತಾಗುತ್ತಿತ್ತು. ಧಣಿಗಳ ಕೆಮ್ಮು ಕೆಮ್ಮಿ, ಬೀಡಿ ಸೇದುತ್ತಿದ್ದ ನಾಲ್ಕು ಮಂದಿಯನ್ನು ಒಂದೇ ಸಲಕ್ಕೆ ಎಬ್ಬಿಸಿ ನಿಲ್ಲಿಸಿದ್ದೇನೆ. ನನ್ನ ಸ್ವಂತ ದನಿಯನ್ನೇ ಕೇಳುವುದಾದರೆ — ನಲ್ಲಿಯಲ್ಲಿ ನೀರು ಬರುವ ಮೊದಲು ಬರುವ ಸದ್ದು ಇದೆಯಲ್ಲ, ಹೆಚ್ಚುಕಡಿಮೆ ಅದೇ.

ವಾಸಣ್ಣ ಆ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನ ಊರಿನ ಕಡೆಯವರೇ. ಬೊಂಬಾಯಿಗೆ ಬಂದ ದಿನ ನನಗೆ ಮಲಗಲು ಚಾಪೆ ಕೊಟ್ಟವರು, ಹೋಟೆಲ್ ಹುಡುಗರ ಕನ್ನಡ ಶಾಲೆಗೆ ಕಿವಿ ಹಿಂಡಿ ಕಳಿಸಿದವರು ಅವರೇ. ಇವತ್ತು ನಾನು ಈ ಅಕ್ಷರಗಳನ್ನು ಬರೆಯುತ್ತಿರುವುದು — ಸರಿ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಅವರಿಗೆ ಒಂದು ಅವಕಾಶ ಬಂದಿತ್ತು. ಗೋರೆಗಾಂವಿನ ಒಂದು ಸಿನಿಮಾ ಸ್ಟುಡಿಯೊದ ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಏಳು ಗಂಟೆಯ ಒಳಗೆ ಇಡ್ಲಿ, ವಡೆ, ಸಾಂಬಾರು ಮುಟ್ಟಿಸಬೇಕು. ಅವರ ಹೆಂಡತಿ ಲಲಿತಕ್ಕ ಚಾಳಿನ ಕೋಣೆಯಲ್ಲೇ ಮಾಡಿಕೊಡುತ್ತೇನೆ ಎಂದಿದ್ದರು. ಇನ್ನೊಬ್ಬರ ಕೌಂಟರು ಬಿಟ್ಟು ಸ್ವಂತದ್ದೊಂದು ಕೆಲಸ. ಆದರೆ ಲೋಕಲ್ ರೈಲಿನಲ್ಲಿ ಆ ಹೊತ್ತಿಗೆ ಸಾಂಬಾರಿನ ಡಬ್ಬಿ ಹತ್ತಿಸಿದರೆ ಅರ್ಧ ಜನರ ಮೈಮೇಲೆ, ಅರ್ಧ ನೆಲದ ಮೇಲೆ. ಮೋಟಾರ್ ಸೈಕಲ್ ಬೇಕೇ ಬೇಕು. ಹೊಸದಕ್ಕೆ ಏಜೆಂಟರಲ್ಲಿ ಹೆಸರು ಬರೆಸಿದ್ದರು. ಸರದಿ ಬರಲು ಇನ್ನೂ ಒಂದು ವರ್ಷ. ಕ್ಯಾಂಟೀನಿನವನೋ ಬರುವ ತಿಂಗಳ ಒಂದನೇ ತಾರೀಕಿಗೆ ಶುರುಮಾಡು, ಇಲ್ಲವೇ ಬೇರೆಯವರನ್ನು ನೋಡುತ್ತೇನೆ ಎಂದಿದ್ದ.

ಅಷ್ಟರಲ್ಲಿ ಮುಲುಂಡಿನಲ್ಲಿ ಒಂದು ಹಳೆಯ ಗಾಡಿ ಇದೆ ಎಂಬ ಸುದ್ದಿ ಬಂತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು.

"ಹಳತು ನನಗೆ ಹೆದರಿಕೆ ಮಾರಾಯ," ಎಂದರು ವಾಸಣ್ಣ. "ನಮ್ಮ ಊರಲ್ಲಾದ್ರೆ ಗಾಡಿ ಕೆಟ್ಟರೆ ನಾಲ್ಕು ಜನ ತಳ್ಳಲಿಕ್ಕಾದ್ರೂ ಬರ್ತಾರೆ. ಈ ಪರವೂರಲ್ಲಿ ಯಾರುಂಟು? ಒಳ್ಳೇದಿದ್ರೆ ತೆಗೊಳ್ಳುವ. ಒಂಚೂರು ಸಂಶಯ ಬಂದ್ರೂ ಬೇಡ. ಸ್ಟುಡಿಯೊ ಹೋದ್ರೆ ಹೋಯ್ತು, ಹೊಸತು ಬರುವವರೆಗೆ ಕೌಂಟರ್ ಉಂಟಲ್ಲ."

ಸಂಶಯ ತೀರಿಸಬೇಕಾದವರು ಇನಾಸ್ ಪೊರ್ಬುಗಳು — ಮಂಗಳೂರಿನವರು, ನಮ್ಮ ಬೀದಿಯ ಗ್ಯಾರೇಜಿನ ಮಿಸ್ತ್ರಿ. ಅವರೋ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ. ಇನ್ನೂ ಒಂದೂವರೆ ತಿಂಗಳು ಏಳುವ ಹಾಗಿಲ್ಲ. ಮಲಗಿದ್ದಲ್ಲಿಂದಲೇ ಅವರು ದಾರಿ ಹೇಳಿದರು. "ನನ್ನ ಗಿರಾಕಿಗಳೆಲ್ಲ ಅರ್ಧ ರಿಪೇರಿ ಬಾಯಲ್ಲೇ ತರುದು. ಗುರ್ ಅಂತದೆ, ಚರ್ ಅಂತದೆ ಅಂತ. ಇವನಿಗಿಂತ ಒಳ್ಳೆ ಬಾಯಿ ಎಲ್ಲುಂಟು? ಇವ ಹೋಗಿ ಕೇಳಿ ಬರಲಿ. ಇಲ್ಲಿ ಬಂದು ಮಾಡಿ ತೋರಿಸಲಿ. ನಾನು ಹೇಳ್ತೇನೆ."

ಓದುವವರಿಗೆ ನಗು ಬರಬಹುದು. ನಮಗೆ ಬರಲಿಲ್ಲ. ಒಬ್ಬ ಮನುಷ್ಯನ ಬದುಕಿನ ತೀರ್ಮಾನವನ್ನು ನನ್ನ ಗಂಟಲಿಗೆ ಒಪ್ಪಿಸಿದರು — ನಾನು ಎದೆ ಉಬ್ಬಿಸಿಕೊಂಡು ದಾದರಿನಲ್ಲಿ ರೈಲು ಬದಲಿಸಿ ಮುಲುಂಡಿಗೆ ಹೋದೆ.

ಮಾರುವವರು ಹನುಮಂತಪ್ಪ ಎಂದು ಧಾರವಾಡದ ಕಡೆಯವರು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಹಿಂದೆ ಕೂರಿಸಿಕೊಂಡು ಗುಡ್ಡದ ಕಡೆಯ ಏರಿನ ರಸ್ತೆಗೆ ಕರೆದೊಯ್ದರು. ಸಮನೆಲದಲ್ಲಿ ಎಂಜಿನ್ನು ಮುದ್ದಾಗಿ ಹಾಡುತ್ತಿತ್ತು. ಏರು ಹತ್ತತೊಡಗಿದ್ದೇ ತಡ, ಆ ಹಾಡಿನ ಅಡಿಯಲ್ಲಿ ಇನ್ನೊಂದು ಸದ್ದು — ಬಾಗಿಲ ಆಚೆಯಿಂದ ಯಾರೋ ಬೆರಳ ಗೆಣ್ಣಿನಿಂದ ತಟ್ಟುತ್ತಿರುವ ಹಾಗೆ. ಟಕ್. ಟಕ್. ಟಕ್.

ಹನುಮಂತಪ್ಪ ಗಾಡಿ ನಿಲ್ಲಿಸಿದರು. "ಕೇಳಿಸ್ತೇನ ತಮ್ಮಾ? ಒಳಗ ಬೇರಿಂಗ್ ಸವದೈತಿ. ಬಿಚ್ಚಿ ಹೊಸಾದು ಹಾಕಿಸಬೇಕು. ಆ ಸಾಮಾನು ಬರಾಕ ಎರಡು ತಿಂಗಳಾದ್ರೂ ಬೇಕು. ಅಲ್ಲೀತನಾ ಓಡಿಸಬ್ಯಾಡಂತ ನಿಮ್ಮ ಅಣ್ಣಾರಿಗೆ ಹೇಳು. ಹೇಳಲಾರದ ಮಾರಾಕ ನನಗ ಮನಸ್ಸಿಲ್ಲ."

ಎಷ್ಟು ನೇರವಾಗಿ ಹೇಳಿದರು. ಮರೆತೆ ಎನ್ನಲು, ಅರ್ಥವಾಗಲಿಲ್ಲ ಎನ್ನಲು ನನಗೆ ಒಂದು ಎಳೆಯಷ್ಟೂ ಜಾಗ ಬಿಡಲಿಲ್ಲ.

ಮತ್ತೆ ಯಾಕೆ — ಹೇಳುತ್ತೇನೆ. ನನಗೆ ಆ ಸ್ಟುಡಿಯೊದ ಗೇಟಿನ ಒಳಗೆ ಹೋಗಬೇಕಿತ್ತು. ಮೂರು ಸಲ ಅಲ್ಲಿನ ಪಠಾಣ ಕಾವಲುಗಾರ ನನ್ನನ್ನು ಓಡಿಸಿದ್ದ. ಮೂರನೆಯ ಸಲ ಅವನದೇ ದನಿಯಲ್ಲಿ ಬೈದದ್ದಕ್ಕೆ ಕೋಲು ಹಿಡಿದು ಸ್ಟೇಷನ್ನಿನವರೆಗೂ ಅಟ್ಟಿಸಿಕೊಂಡು ಬಂದಿದ್ದ. ವಾಸಣ್ಣನ ಗಾಡಿಯ ಹಿಂದೆ ಇಡ್ಲಿ ಡಬ್ಬಿ ತಬ್ಬಿಕೊಂಡು ಕುಳಿತರೆ ಯಾರು ತಡೆಯುತ್ತಾರೆ? ಒಳಗೆ ಒಂದು ದಿನ ಯಾರಾದರೂ ದೊಡ್ಡವರು ನನ್ನ ಕಲೆ ಕೇಳುತ್ತಾರೆ, ಆಮೇಲೆ — ಆಮೇಲಿನದನ್ನು ನೀವೇ ಊಹಿಸಿ. ದೊಡ್ಡ ಮೂಗಿನ ಹುಡುಗರೆಲ್ಲ ಒಂದೇ ಕನಸು ಕಾಣುತ್ತಾರೆ. ಹೊಸ ಗಾಡಿಗೆ ಕಾಯುವುದೆಂದರೆ ನಾನೂ ಒಂದು ವರ್ಷ ಕಾಯಬೇಕು. ನನಗೆ ತಾಳ್ಮೆ ಇರಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಇನಾಸರ ಮಂಚದ ಬುಡದಲ್ಲಿ ನಿಂತು ಕಿಕ್ ಹೊಡೆದೆ. ಮೊದಲ ಸಲ ಹತ್ತಲಿಲ್ಲ, ಎರಡನೆಯ ಸಲ ಕೆಮ್ಮಿತು, ಮೂರನೆಯದಕ್ಕೆ ಹೊತ್ತಿಕೊಂಡಿತು. ಗೇರು ಬದಲಿಸಿದೆ. ಸಮನೆಲದಲ್ಲಿ ಓಡಿಸಿದೆ. ಪಕ್ಕದ ಮಂಚದ ಮುದುಕ ಎದ್ದು ಕೂತು ಚಪ್ಪಾಳೆ ತಟ್ಟಿದ. ನರ್ಸಮ್ಮ ಓಡಿ ಬಂದು ವಾರ್ಡಿನಲ್ಲಿ ಗಾಡಿ ತಂದವರು ಯಾರೆಂದು ಹುಡುಕಿದರು. ವಾಸಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇನಾಸರು ಮಾತ್ರ ನಗಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಈಗ ಏರು ಹತ್ತಿಸು," ಎಂದರು.

ಹತ್ತಿಸಿದೆ. ದನಿ ತಗ್ಗಿಸಿ, ಉಸಿರು ಎಳೆದು, ಭಾರ ಹೊತ್ತ ಎಂಜಿನ್ನಿನ ಎಲ್ಲ ಏದುಸಿರನ್ನೂ ಮಾಡಿದೆ. ನಾಲಿಗೆ ಅಂಗುಳಿಗೆ ತಾಗಿದರೆ ಸಾಕಿತ್ತು, ಆ ಟಕ್ ಬರುತ್ತಿತ್ತು. ತಾಗಿಸಲಿಲ್ಲ.

"ಅಷ್ಟೇಯಾ? ಅಡಿಯಲ್ಲಿ ಬೇರೆ ಎಂತದೂ ಇಲ್ವಾ?"

"ಅಷ್ಟೇ."

"ಹಾಗಾದ್ರೆ ಹೂವಿನಂಥ ಗಾಡಿ. ತೆಗೊಳ್ಳಿ," ಎಂದರು ಇನಾಸರು.

ಕೊಳ್ಳಲು ಹೋದ ದಿನ ವಾಸಣ್ಣ ಗಾಡಿಯ ದೀಪಕ್ಕೆ ಕುಂಕುಮ ಹಚ್ಚುತ್ತಿದ್ದಾಗ ಹನುಮಂತಪ್ಪ ನನ್ನನ್ನು ಬದಿಗೆ ಕರೆದರು. "ಎಲ್ಲಾ ಹೇಳೀಯಲ್ಲ?" "ಎಲ್ಲಾ ಹೇಳಿದ್ದೇನೆ," ಎಂದೆ. ಎರಡನೆಯ ಸುಳ್ಳಿಗೆ ಮೊದಲಿನಷ್ಟು ಕಷ್ಟವಾಗಲಿಲ್ಲ.

ವಾಸಣ್ಣ ಕೌಂಟರು ಬಿಟ್ಟರು. ಹೋಟೆಲು ಬಿಟ್ಟು ನಾನೂ ಅವರ ಜೊತೆ ಸೇರಿದೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ರಸ್ತೆಯಲ್ಲಿ ಏರು ಬಂದಾಗಲೆಲ್ಲ ಡಬ್ಬಿಗಳ ಸದ್ದಿನಲ್ಲಿ ವಾಸಣ್ಣನಿಗೆ ಏನೂ ಕೇಳಿಸುತ್ತಿರಲಿಲ್ಲ; ನನಗೆ ದಿನದಿನಕ್ಕೆ ಗಟ್ಟಿಯಾಗಿ ಕೇಳುತ್ತಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಕ್ಯಾಂಟೀನಿನಲ್ಲಿ ನಾನು ಮಾಡಿದ ನಾಯಿಜಗಳವನ್ನು ಕೇಳಿ, ಸೌಂಡಿನವರೊಬ್ಬರು ಮುಂದಿನ ಶುಕ್ರವಾರ ಬಾ, ಒಂದು ನರಿಯ ಊಳು ಬೇಕು ಎಂದಿದ್ದರು. ಶುಕ್ರವಾರ ಕಳೆಯಲಿ ಎಂದುಕೊಂಡೆ —

ಆ ಶುಕ್ರವಾರವೇ ಜೋಗೇಶ್ವರಿ ದಾಟುತ್ತಿದ್ದಂತೆ ಎಂಜಿನ್ನು ಕಚ್ಚಿಕೊಂಡಿತು. ಹಿಂದಿನ ಚಕ್ರ ಎಳೆದುಕೊಂಡು ಹೋಗಿ ಗಾಡಿ ಅಡ್ಡ ನಿಂತಿತು. ಒಂದು ಡಬ್ಬಿ ಸಾಂಬಾರು ರಸ್ತೆಗೆ ಹೋಯಿತು. ಅವತ್ತು ದೊಡ್ಡ ಶೂಟಿಂಗು. ನೂರಾರು ಜನ ಹಸಿದು ಕಾಯುತ್ತಿದ್ದರು. ವಾಸಣ್ಣ ಅಂಗಿ ತೋಳು ಮಡಚಿ ತಳ್ಳಲು ನಿಂತರು. ನನ್ನ ಮುಖ ನೋಡಿ ಹೇಳಿದರು: "ನಿನಗೆ ಇವತ್ತು ಅಲ್ಲಿ ಕೆಲಸ ಉಂಟಲ್ಲ. ನೀನು ಲೋಕಲ್ ಹಿಡಿ. ನಿನ್ನದು ತಪ್ಪುದು ಬೇಡ."

ನಾನು ಹೋದೆ.

ಹೋಗಿ, ನರಿಯ ಹಾಗೆ ಊಳಿಟ್ಟೆ. ಎರಡು ಸಲ. ಚೆನ್ನಾಗಿ ಬಂತು ಎಂದರು. ನನ್ನ ಸಿನಿಮಾ ಜೀವನ ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿಯಿತು. ಹೊರಗೆ ಬಂದಾಗ ವಾಸಣ್ಣ ಗೇಟಿನ ಹತ್ತಿರ ಬೆವರಿನಲ್ಲಿ ತೊಯ್ದು ನಿಂತಿದ್ದರು, ತಣ್ಣಗಾದ ಇಡ್ಲಿಗಳ ಜೊತೆ. ಕ್ಯಾಂಟೀನಿನವನು ಹೊರಗಿನಿಂದ ಪಾವು-ಬ್ರೆಡ್ಡು ತರಿಸಿ ಎಲ್ಲರಿಗೂ ಹಂಚಿಯಾಗಿತ್ತು. "ಕಲ್ ಸೇ ಮತ್ ಆನಾ," ನಾಳೆಯಿಂದ ಬರಬೇಡ — ಅವನು ಹೇಳಿದ್ದು ಇಷ್ಟೇ. ಬಿಟ್ಟುಬಂದ ಕೌಂಟರಿನಲ್ಲಿ ಅಷ್ಟರಲ್ಲಿ ಧಣಿಗಳ ಅಳಿಯ ಕುಳಿತಿದ್ದ.

ಮರುದಿನ ವಾಸಣ್ಣ ನನ್ನನ್ನು ಕರೆದುಕೊಂಡು ಮುಲುಂಡಿಗೆ ಹೋದರು. ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ, ನೆರೆಯವರೆಲ್ಲ ಕೇಳುವ ಹಾಗೆ, ಹನುಮಂತಪ್ಪನವರನ್ನು ಮೋಸಗಾರ ಎಂದರು. ವಾಸಣ್ಣ ಜೋರು ಮಾತು ಬಾರದ ಮನುಷ್ಯ. ಹನುಮಂತಪ್ಪ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ನಾ ಹೇಳಿದ್ನಲ್ಲೋ ತಮ್ಮಾ?"

"ನನಗೆ ಹೇಳಲಿಲ್ಲ," ಎಂದೆ.

ಅವರು ತಿರುಗಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಬರುವಾಗ ವಾಸಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಕಿವಿಯದ್ದು ಎಂತ ತಪ್ಪು ಮಾರಾಯ, ಅವ ದಪ್ಪ ಎಣ್ಣೆ ಹೊಯ್ದು ಸದ್ದು ಅಡಗಿಸಿ ತೋರಿಸಿದ್ದಾನೆ," ಎಂದು ನನ್ನನ್ನೇ ಸಮಾಧಾನ ಮಾಡಿದರು. ಆ ಕೈಯ ಭಾರ — ಬೇಡ.

ಆರು ವರ್ಷ ವಾಸಣ್ಣ ಘಾಟ್ಕೋಪರಿನ ಒಂದು ಮೆಸ್ಸಿನಲ್ಲಿ ಒಲೆಯ ಮುಂದೆ ನಿಂತರು. ನಾನು ಒಂದು ಆಫೀಸಿನಲ್ಲಿ ಗುಮಾಸ್ತನಾದೆ. ಕಳೆದ ಮಳೆಗಾಲದಲ್ಲಿ ಬೆಳಗಾವಿಯ ವ್ಯಾಪಾರಿಯೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ಜಾಗ ನನ್ನದು, ಕೈರುಚಿ ನಿಮ್ಮದು, ಇಬ್ಬರೂ ಸೇರಿ ಖಾನಾವಳಿ ಹಾಕೋಣ ಎಂದರು. ಭಾನುವಾರದ ಭೇಟಿಗೆಂದು ವಾಸಣ್ಣನ ಕೋಣೆಗೆ ಹೋಗಿದ್ದ ನಾನೂ ಅಲ್ಲಿದ್ದೆ. ವಾಸಣ್ಣ ತಲೆ ಅಲ್ಲಾಡಿಸಿದರು. "ಬೇಡ ರಾಯರೇ. ನಿಮ್ಮ ಕಡೆಯವರ ಮಾತು ನಂಬಿ ಒಮ್ಮೆ ಕೆಟ್ಟಿದ್ದೇನೆ. ಬೇಕಾದ್ರೆ ಇವನನ್ನು ಕೇಳಿ." ಆ ವ್ಯಾಪಾರಿ ನನ್ನ ಕಡೆ ನೋಡಿದರು. ನಾನು ಹೌದೆಂಬಂತೆ ತಲೆಯಾಡಿಸಿದೆ — ಇಪ್ಪತ್ತೈದು ವರ್ಷದ ಗಂಡಸು, ಮಾತಿಲ್ಲದೆ.

ವ್ಯಾಪಾರಿ ಕೊಡೆ ಎತ್ತಿಕೊಂಡು ಮೆಟ್ಟಿಲಿಳಿದರು. ಒಲೆಯ ಹತ್ತಿರ ಲಲಿತಕ್ಕ ಸೌಟು ತೊಳೆಯುತ್ತಿದ್ದರು. ಆಗ ಹೇಳಿದೆ. ಏರು, ಬಡಿತ, ಆಸ್ಪತ್ರೆ, ಅಂಗಳ, ಎಲ್ಲ. ನರಿಯ ಊಳನ್ನೂ ಬಿಡಲಿಲ್ಲ.

ವಾಸಣ್ಣ ಬೈಯಲಿಲ್ಲ. ಅಂಗಿ ಹಾಕಿಕೊಂಡರು. "ಅವರ ಮನೆ ಈಗಲೂ ಅಲ್ಲೇ ಉಂಟಾ?" ಎಂದು ಕೇಳಿದರು. ಲೋಕಲ್‌ನಲ್ಲಿ ನನ್ನ ಪಕ್ಕ ಜಾಗವಿತ್ತು. ಅವರು ಬಾಗಿಲ ಹತ್ತಿರವೇ ನಿಂತರು.

ಹನುಮಂತಪ್ಪ ಬಾಗಿಲು ತೆಗೆದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ವಾಸಣ್ಣ ಅದೇ ಅಂಗಳದಲ್ಲಿ ನಿಂತು ಕೈ ಮುಗಿದು, "ನನ್ನದು ತಪ್ಪಾಯ್ತು," ಎಂದರು. ತಪ್ಪು ಮಾಡಿದವನು ಎರಡು ಹೆಜ್ಜೆ ಹಿಂದೆ ನಿಂತಿದ್ದ. ಕ್ಷಮೆ ಕೇಳಿದವರು ಅವರು. ನಾನು ಮುಂದೆ ಬಂದು ನನ್ನ ಸುಳ್ಳನ್ನು ಅವರ ಎದುರಿಗೂ ಹೇಳಿದೆ.

"ಅವತ್ತೇ ಒಂದು ಮಾತು ಅಂದಿದ್ರ ಆಗತಿತ್ತಲ್ಲೋ," ಎಂದರು ಹನುಮಂತಪ್ಪ. ಮತ್ತೆ ವಾಸಣ್ಣನ ಕಡೆ ತಿರುಗಿ, "ಒಳಗ ಬರ್ರಿ," ಎಂದರು. ನನ್ನನ್ನು ಕರೆಯಲಿಲ್ಲ. ನಾನು ಹೊರಗೇ ನಿಂತಿದ್ದೆ.

ಈಗ ವಾಸಣ್ಣ ಆ ಬೆಳಗಾವಿಯವರ ಜೊತೆ ಖಾನಾವಳಿ ನಡೆಸುತ್ತಿದ್ದಾರೆ ಎಂದು ಕೇಳಿದ್ದೇನೆ. ನಾನು ಅಲ್ಲಿ ಊಟ ಮಾಡಿಲ್ಲ. ಅವತ್ತು ಮುಲುಂಡ್ ಸ್ಟೇಷನ್ನಿನಲ್ಲಿ, ಲೋಕಲ್ ಬರುವ ಮೊದಲು, ಅವರು ನನಗೆ ಒಂದೇ ಒಂದು ಮಾತು ಹೇಳಿದರು:

"ಸ್ವಲ್ಪ ದಿವಸ ನೀನು ನಮ್ಮಲ್ಲಿಗೆ ಬರುದು ಬೇಡ."

ಎಷ್ಟು ದಿವಸ ಎಂದು ನಾನು ಕೇಳಲಿಲ್ಲ. ಕೇಳಬಾರದು.