ಜೀಪು ಪಲ್ಟಿ ಆಟ

ಯಾರಿಗೆ ಏನು ಕಲಿಸಬೇಕಾದರೂ ರುಕ್ಮಿಣಿಬಾಯಿಗೆ ಗೊತ್ತಿದ್ದದ್ದು ಒಂದೇ ದಾರಿ, ಬಾಯಿಪಾಠ. ಭಾಲ್ಕಿ ಕಡೆಯ ಹಳ್ಳಿಯಿಂದ ಗಂಡನ ಹಿಂದೆ ಮರಾಠಿ ಸೀಮೆಯ ಕಾರ್ಖಾನೆಗಳ ಊರು ವಾಳೂಜಿಗೆ ಬಂದ ಹೊಸದರಲ್ಲಿ, ಅವಳು ಕಾರ್ಖಾನೆಯ ಒಂಟಿ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಎದುರಿಗೆ ಮಗ ರವಿಕಾಂತನನ್ನು ಕೂರಿಸಿಕೊಂಡು, ರೊಟ್ಟಿ ಬಡಿತದ ತಾಳಕ್ಕೆ ಸರಿಯಾಗಿ ಮಗ್ಗಿ ಹೇಳಿಸುವಳು. ತಪ್ಪಿದರೆ ಹಿಟ್ಟಿನ ಕೈ ಬೆನ್ನ ಮೇಲೆ. ಅವಳಿಗೆ ಓದು ಬರಹ ಬಾರದು. ಆದರೆ ಹುಡುಗ ತಡವರಿಸಿದ್ದು ಮಾತ್ರ ಹೇಗೋ ತಿಳಿಯುತ್ತಿತ್ತು. ಅದೇ ಹುಡುಗ ಮುಂದೆ ವಾಳೂಜಿನಲ್ಲೇ ಸೂಪರ್‌ವೈಸರ್ ಆದ. ಆ ನೌಕರಿಯಲ್ಲಿ ಅರ್ಧ ಪಾಲು ತನ್ನ ಹಿಟ್ಟಿನ ಕೈಯದು ಎಂದು ರುಕ್ಮಿಣಿಬಾಯಿ ನಂಬಿದ್ದಳು, ಓಣಿಯವರನ್ನೂ ನಂಬಿಸಿದ್ದಳು.

ಇಂಥ ಗಟ್ಟಿಗಿತ್ತಿಯ ಸೆರಗಿಗೆ 2012ರಲ್ಲಿ ಐದು ವರ್ಷದ ಮೊಮ್ಮಗಳು ವೈಷ್ಣವಿ ಜೋತುಬಿದ್ದಳು. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೇ. ಎಡಗೈ ಮುಷ್ಟಿಯಲ್ಲಿ ಸೆರಗಿನ ತುದಿ. ಅಜ್ಜಿ ಒಲೆಯ ಮುಂದೆ ಕೂತರೆ ಅವಳೂ ಅಲ್ಲೇ. ಅಜ್ಜಿ ಬಚ್ಚಲಿಗೆ ಹೋದರೆ ಬಾಗಿಲ ಸಂದಿಯಿಂದ ಸೆರಗಷ್ಟೇ ಹೊರಗೆ, ಅದರ ಕೊನೆಗೆ ಮೊಮ್ಮಗಳು.

ಫೆಬ್ರುವರಿಯಲ್ಲಿ ನಾಸಿಕದ ಪಂಚವಟಿಯಲ್ಲಿ ತಂಗಿಯ ಮೊಮ್ಮಗನಿಗೆ ತೊಟ್ಟಿಲ ಕಾರ್ಯ ಇತ್ತು. ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಕಾಯುವುದೆನ್ನುವುದು ರುಕ್ಮಿಣಿಬಾಯಿಯ ಜಾತಕದಲ್ಲೇ ಇಲ್ಲ. ಮೊಮ್ಮಗಳನ್ನು ಕಂಕುಳಿಗೆ ಏರಿಸಿ ಶೇರ್ ಜೀಪು ಹತ್ತಿದಳು. ನಿಫಾಡ್ ದಾಟುವ ಮೊದಲೇ ಜೀಪು ಪಲ್ಟಿಯಾಯಿತು. ಶಿವನ ದಯೆ, ಯಾರೂ ಸಾಯಲಿಲ್ಲ. ಆದರೆ ದ್ರಾಕ್ಷಿ ಕೊಯ್ಯುತ್ತಿದ್ದ ಕೂಲಿಗಳು ಓಡಿಬಂದು ಜೀಪು ಎತ್ತುವವರೆಗೆ ಅಜ್ಜಿ ಮೊಮ್ಮಗಳಿಬ್ಬರೂ ಅದರ ಕೆಳಗಿನ ಕತ್ತಲೆಯಲ್ಲಿ ಸಿಕ್ಕಿಕೊಂಡಿದ್ದರು.

ಅವತ್ತು ಹಿಡಿದ ಸೆರಗನ್ನು ವೈಷ್ಣವಿ ಆಮೇಲೆ ಬಿಡಲಿಲ್ಲ. ಜೂನ್‌ನಲ್ಲಿ ಶಾಲೆಗೆ ಸೇರಬೇಕು. ಸೇರಿಸಲು ಹೋದಾಗ ಹೆಡ್‌ಮಾಸ್ತರರು, ಮಗುವಿಗೆ ಜಾಗ ಇದೆ, ಅಜ್ಜಿಗೆ ಇಲ್ಲ ಎಂದು ನಕ್ಕು ಕಳಿಸಿದ್ದರು. ಮನೆಯಲ್ಲಿ ಜೀಪು ಎಂಬ ಮಾತನ್ನೇ ರುಕ್ಮಿಣಿಬಾಯಿ ನಿಷೇಧಿಸಿದಳು. ಕೆಟ್ಟದ್ದನ್ನು ಬಾಯಲ್ಲಿ ತಂದರೆ ಮೇಲಿನ ದೇವತೆಗಳು ಅಸ್ತು ಅಂದುಬಿಡುತ್ತವೆ ಎಂಬ ಭಯ.

ಸೊಸೆ ಸಮೀಕ್ಷಾ ಹಟ ಹಿಡಿದು ಅತ್ತೆಯನ್ನೂ ಮಗಳನ್ನೂ ಎರಡು ಓಣಿ ಆಚೆಯ ಮಕ್ಕಳ ಕೇಂದ್ರಕ್ಕೆ ಕಳಿಸಿದಳು. ಅಲ್ಲಿದ್ದವಳು ಅಲಕಾ, ಧಾರವಾಡದ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳು. ಅಪ್ಪನಿಗೆ ನಾಸಿಕಕ್ಕೆ ವರ್ಗವಾದಾಗ ಬಂದವಳು ಈ ಕಡೆಯೇ ಉಳಿದಿದ್ದಳು. ಹೆದರಿದ ಮಕ್ಕಳನ್ನು ಆಟ ಆಡಿಸುತ್ತಲೇ ಮತ್ತೆ ಉಣ್ಣುವ, ಬರೆಯುವ, ಶಾಲೆಗೆ ಹೋಗುವ ರೂಢಿಗೆ ತರುವುದು ಅವಳ ಕೆಲಸ. ಅವಳ ಕೋಣೆಯಲ್ಲಿ ಕುರ್ಚಿಗಿಂತ ಗಾದಿಗಳೇ ಹೆಚ್ಚು. ಆಟ ಯಾವುದೆಂದು ಮಗುವೇ ಆರಿಸಬೇಕು, ದೊಡ್ಡವರು ತಿದ್ದಬಾರದು, ಇದೊಂದೇ ನಿಯಮ.

ವೈಷ್ಣವಿ ಬುಟ್ಟಿಯಿಂದ ಆಟಿಕೆಯ ಜೀಪನ್ನೇ ಆರಿಸಿದಳು. ಬಲಗೈಯಿಂದ ಓಡಿಸಿ, ದಬ್ಬೆಂದು ಮಗುಚಿದಳು. ಅಜ್ಜಿ ತಟ್ಟನೆ ಕೈ ಚಾಚಿ ಅದನ್ನು ನೆಟ್ಟಗೆ ನಿಲ್ಲಿಸಿದಳು. ಮಗು ಮತ್ತೆ ಮಗುಚಿತು, ಅಜ್ಜಿ ಮತ್ತೆ ನಿಲ್ಲಿಸಿದಳು.

"ಅಜ್ಜಿ, ಹಂಗ ಇರ್ಲಿ ಬಿಡ್ರಿ. ಅದು ಆಕಿ ಆಟ," ಅಂದಳು ಅಲಕಾ.

"ಬಿದ್ದದ್ದು ಎತ್ತಬಾರದೇನ್ರಿ ಮೇಡಮ್ಮರೆ? ಇದ್ಯಾವ ಸಾಲಿರಿ ನಿಮ್ದು?"

ಮನೆಗೆ ಬಂದವಳೇ ರುಕ್ಮಿಣಿಬಾಯಿ ಕಾರ್ಯಕ್ಕೆ ಇಳಿದಳು. ಸಂತೆಯಿಂದ ಅಂಥದೇ ಒಂದು ಜೀಪು ತಂದಳು. ನೆಲದ ಮೇಲೆ ಸೀಮೆಸುಣ್ಣದಿಂದ ರಸ್ತೆ ಎಳೆದಳು. ಅವಳು ರೊಟ್ಟಿ ಬಡಿಯುವಷ್ಟು ಹೊತ್ತೂ ಮೊಮ್ಮಗಳು ಗೆರೆ ಬಿಡದೆ ಜೀಪು ಓಡಿಸಬೇಕು. ಆಟಕ್ಕೂ ಟ್ಯೂಷನ್ ಶುರುವಾಯಿತು.

ಮುಂದಿನ ವಾರ ಕೇಂದ್ರದಲ್ಲಿ ಜೀಪು ಗಾದಿಯ ಅಂಚಿಗುಂಟ ನೆಟ್ಟಗೆ ಹೋಗಿ ನೆಟ್ಟಗೆ ನಿಂತಿತು. ಮಗು ಅಜ್ಜಿಯ ಮುಖ ನೋಡಿತು.

"ನೋಡ್ರಿ, ಒಮ್ಮಿ ಸುದ್ದಾ ಬಿದ್ದಿಲ್ಲ," ಎಂದು ಬೀಗಿದಳು ರುಕ್ಮಿಣಿಬಾಯಿ. "ಮನ್ಯಾಗ ನಾನೇ ತಯಾರಿ ಮಾಡಿಸೀನಿ."

ಅಲಕಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮಗುವಿನ ಎಡಗೈ ಕಂಡಿತು. ಸೆರಗು ಹಿಂಡಿದ ಬಟ್ಟೆಯ ಹಾಗೆ ಮುದುಡಿತ್ತು.

"ಅಜ್ಜಿ, ಆಕಿ ಆಟ ಆಡ್ಲಿಲ್ಲ, ಪರೀಕ್ಷಾ ಕೊಟ್ಳು," ಅಂದಳು ಮೆಲ್ಲಗೆ. "ಅವತ್ತು ಜೀಪು ತಾನ ಪಲ್ಟಿ ಆತು. ಇಲ್ಲೆ ಪಲ್ಟಿ ಮಾಡೋದು ಆಕಿ ಕೈಯಾಗ ಅದ, ಎತ್ತೋದೂ ಆಕಿ ಕೈಯಾಗ ಅದ. ಸಾಕಾಗೂತನಕ ಮಾಡ್ಲಿ."

ರುಕ್ಮಿಣಿಬಾಯಿ ಜಗಳಕ್ಕೆ ಬಾಯಿ ತೆರೆದಳು. ಬಂದ ಮಾತು ಬೇರೆಯೇ ಆಗಿತ್ತು. "ನಂಗ ನೋಡ್ಲಾಕ ಆಗಲ್ರಿ," ಅಂದಳು. "ಆಟಗಿ ಜೀಪು ಬಿದ್ರೂ ಕಾಲು ನಡಗತಾವ." ಇಷ್ಟು ದಿನ ಈ ಮಾತನ್ನು ಅವಳು ಮಗನಿಗೂ ಹೇಳಿರಲಿಲ್ಲ.

"ಹಂಗಿದ್ರ ನೀವೂ ಆಡ್ರಿ," ಅಂದಳು ಅಲಕಾ.

ಅದನ್ನೇ ಕಾಯುತ್ತಿದ್ದವಳಂತೆ ವೈಷ್ಣವಿ ಉದ್ದನೆಯ ಲೋಡುದಿಂಬೊಂದನ್ನು ಗಾದಿಯ ನಡುವೆ ಎಳೆದು ತಂದಳು. ಅದೇ ಜೀಪು. "ಆಜೀ, ತೂ ಬಸ್ ನಾ," ಎಂದು ಮರಾಠಿಯಲ್ಲಿ ಕರೆದು ಕೂರಿಸಿದಳು. ಮನೆಯ ಕನ್ನಡ ಅವಳಿಗೆ ತಿಳಿಯುತ್ತಿತ್ತು, ಆಡುತ್ತಿದ್ದುದು ಮಾತ್ರ ಮರಾಠಿಯೇ. ಕೂರಿಸಿದ ಮೇಲೆ ಬಲಗೈಯಿಂದ ಅಜ್ಜಿಯನ್ನು ನೂಕಿದಳು. ಜೋಳದ ಚೀಲದಂಥ ಅಜ್ಜಿ ಅಲುಗಲಿಲ್ಲ. ಮತ್ತೆ ನೂಕಿದಳು. ಪಾಪ, ತಾನೇ ಬಿದ್ದುಬಿಡೋಣ ಎಂದುಕೊಂಡ ರುಕ್ಮಿಣಿಬಾಯಿಗೆ ಅಲಕಾ ಕಣ್ಣಲ್ಲೇ ಬೇಡವೆಂದಳು. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ರುಕ್ಮಿಣಿಬಾಯಿಗೆ ಆಗ ಗೊತ್ತಾಯಿತು.

ಮಗು ತನ್ನ ಎಡಮುಷ್ಟಿಯನ್ನು ನೋಡಿಕೊಂಡಿತು. ಅಜ್ಜಿಯ ಸೊಂಟವನ್ನು ನೋಡಿತು. ಆಮೇಲೆ ಸೆರಗು ಬಿಟ್ಟು, ಎರಡೂ ಅಂಗೈ ಊರಿ, ಮೈಯ ಬಲವನ್ನೆಲ್ಲ ಹಾಕಿ ನೂಕಿತು.

ರುಕ್ಮಿಣಿಬಾಯಿ ಬಳೆ ಸಮೇತ ಉರುಳಿದಳು. ವೈಷ್ಣವಿ ಬಿದ್ದು ಬಿದ್ದು ನಕ್ಕಳು. ನಗು ಮುಗಿದ ಮೇಲೆ ಅಜ್ಜಿಯ ಪಕ್ಕದಲ್ಲಿ ಮಲಗಿ, ಸೆರಗಿನ ತುದಿಯನ್ನು ಅಜ್ಜಿಯ ಕೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಕಿವಿಯಲ್ಲಿ ಹೇಳಿದಳು:

"ಸೆರಗ ಬಿಡಬ್ಯಾಡ. ಏನ ಆದ್ರೂ ಬಿಡಬ್ಯಾಡ."

ಅಪ್ಪಟ ಭಾಲ್ಕಿಯ ಕನ್ನಡ. ಆ ಮಾತು ರುಕ್ಮಿಣಿಬಾಯಿಯದೇ. ಜೀಪಿನ ಕೆಳಗಿನ ಕತ್ತಲೆಯಲ್ಲಿ ಜನ ಬರುವವರೆಗೆ ಅವಳು ಮೊಮ್ಮಗಳ ಕಿವಿಯಲ್ಲಿ ಅದನ್ನೇ ಹೇಳುತ್ತಿದ್ದಳು. ಜೀಪು ಎತ್ತಿದರು, ನೀರು ಕುಡಿಸಿದರು, ಗಾಯಕ್ಕೆ ಪಟ್ಟಿ ಕಟ್ಟಿದರು. ಇನ್ನು ಬಿಡು ಅಂತ ಮಾತ್ರ ಯಾರೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಅಜ್ಜಿ ಕಲಿಸಿದ ಪಾಠವನ್ನು ಹುಡುಗಿ ಒಂದಕ್ಷರ ತಪ್ಪದೆ ಒಪ್ಪಿಸುತ್ತಾ ಬಂದಿದ್ದಳು.

"ಮಂದಿ ಬಂದಾರವ್ವಾ," ಅಂದಳು ರುಕ್ಮಿಣಿಬಾಯಿ, ಬಿದ್ದಲ್ಲಿಂದಲೇ. "ಜೀಪ ಎತ್ಯಾರ. ಈಗ ಬಿಡು." ಹೇಳಿ ತನ್ನ ಮುಷ್ಟಿಯನ್ನು ತಾನೇ ಬಿಚ್ಚಿ ತೋರಿಸಿದಳು.

ವೈಷ್ಣವಿ ಆ ಅಂಗೈ ನೋಡಿದಳು. ಆಮೇಲೆ ಎರಡೂ ಕೈಯಿಂದ ಅಜ್ಜಿಯನ್ನು ಎಬ್ಬಿಸಿ ಕೂರಿಸಿದಳು, ಇನ್ನೊಮ್ಮೆ ಬೀಳಿಸಲಿಕ್ಕೆ. ಬೇಸಿಗೆಯಿಡೀ ರುಕ್ಮಿಣಿಬಾಯಿ ಬಿದ್ದದ್ದೇ ಬಿದ್ದದ್ದು.

ಜೂನ್‌ನಲ್ಲಿ ಶಾಲೆಯ ಗೇಟಿನವರೆಗೆ ಮೊಮ್ಮಗಳನ್ನು ನಡೆಸಿಕೊಂಡು ಹೋದವಳು ಅಜ್ಜಿಯೇ. ಒಳಗೆ ಮಕ್ಕಳು ಸಾಲು ನಿಲ್ಲುತ್ತಿದ್ದರು. ವೈಷ್ಣವಿ ಎರಡು ಹೆಜ್ಜೆ ಇಟ್ಟವಳು ನಿಂತಳು. ಬೆನ್ನ ಮೇಲಿನ ಪಾಟೀಚೀಲದ ಪಟ್ಟಿ ಅಜ್ಜಿಯ ಮುಷ್ಟಿಯಲ್ಲಿತ್ತು.

ಅವಳು ತಿರುಗಿ ನೋಡಿ ಕನ್ನಡದಲ್ಲೇ ಹೇಳಿದಳು: "ಅಜ್ಜಿ, ಮಂದಿ ಬಂದಾರ. ಈಗ ಬಿಡು."