ಮುದ್ರೆ ಬಿದ್ದ ಮೇಲೆ ಮಾತಿಲ್ಲ

ವಾಲ್ಬುರ್ಗಾ ತನ್ನ ಗಂಡನನ್ನು ಮೊದಲ ಸಲ ಕಂಡ ದಿನ ಅವನು ಗೊರಕೆ ಹೊಡೆಯುತ್ತಿದ್ದ. ಅಪ್ಪನ ಹಾಪ್ಸ್ ಹೂವಿನ ಮೂಟೆಗಳೊಂದಿಗೆ ಗ್ರೂನ್‌ಬಾಖ್ ಊರಿನ ತೂಕದ ಮನೆಗೆ ಬಂದಿದ್ದಳು. ಅಲ್ಲಿ ಮೂಟೆಗೊರಗಿ, ಮುದ್ರೆಯೊತ್ತುವ ಇಕ್ಕಳ ಹಿಡಿದುಕೊಂಡೇ ಕ್ವಿರೀನ್ ನಿದ್ದೆಹೋಗಿದ್ದ.

"ಎದ್ದೇಳಿ ಸ್ವಾಮಿ, ಹೂ ಬಾಡುತ್ತೆ!" ಎಂದಳು.

"ಒಣಗಿದ ಹೂ ಇನ್ನೇನು ಬಾಡುತ್ತಮ್ಮ?" ಎಂದು ಅವನು ಕಣ್ಣು ತೆರೆಯದೆಯೇ ಹೇಳಿದ.

ಬಿಯರ್ ಭಟ್ಟಿಗಳಿಗೆ ಹೋಗುವ ಆ ಹೂವನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, ದರ್ಜೆ ಹೇಳಿ, ಮೂಟೆಯ ದಾರಕ್ಕೆ ಸೀಸದ ಬಿಲ್ಲೆ ಸಿಕ್ಕಿಸಿ ಮುದ್ರೆಯೊತ್ತುವುದು ಅವನ ಕೆಲಸ. ಒಮ್ಮೆ ಮುದ್ರೆ ಬಿದ್ದಿತೆಂದರೆ ಊರಿನಲ್ಲಿ ಯಾರೂ ಮೂಟೆ ಬಿಚ್ಚುವಂತಿಲ್ಲ, ಮರುಮಾತಾಡುವಂತಿಲ್ಲ. ಮೂವತ್ತೆಂಟು ವರ್ಷ ನಿದ್ದೆ ತರಿಸುವ ಆ ಘಮದಲ್ಲೇ ಕುಳಿತವನು, ಮನೆಗೆ ಬಂದು ದಿಂಬಿಗೆ ತಲೆಯಿಟ್ಟರೆ ಕಲ್ಲಿನಂತೆ ಮಲಗುತ್ತಿದ್ದ.

ನಿವೃತ್ತನಾದ ದಿನ ಊರವರು ಅವನ ಹಳೆಯ ಇಕ್ಕಳವನ್ನೇ ಉಡುಗೊರೆಯಾಗಿ ಕೊಟ್ಟರು. ಅಂದೇ ನಿದ್ದೆ ಕೈಕೊಟ್ಟಿತು. ತಾನೂ ಮಲಗಲಿಲ್ಲ, ಹೆಂಡತಿಯನ್ನೂ ಮಲಗಗೊಡಲಿಲ್ಲ.

ಔಷಧಿ ಅಂಗಡಿಯ ಒಟ್ಟಿಲಿಯಾ ಒಂದು ಪುಟ್ಟ ಬಾಟಲಿ ಕೊಟ್ಟಳು. "ಹಾಪ್ಸ್ ಸಾರ ಕಣೆ ಬುರ್ಗಿ. ನೀರಿಗೆ ಹತ್ತು ಹನಿ ಹಾಕಿಕೊಡು. ನಿನ್ನ ಗಂಡನಿಗೆ ಹಳೇ ನಂಟಸ್ತಿಕೆ ತಾನೆ!"

ರಾತ್ರಿ ಈರುಳ್ಳಿ ಸಾರು ಉಂಡು ಕ್ವಿರೀನ್ ಲೋಟವನ್ನು ಮೂಗಿಗೆ ಹಿಡಿದ. ಹುಬ್ಬು ಗಂಟಿಕ್ಕಿತು.

"ಎರಡು ವರ್ಷದ ಹಿಂದಿನ ಬೆಳೆ. ಒಣಗಿಸುವಾಗ ಕಾವು ಜಾಸ್ತಿಯಾಗಿದೆ. ಎರಡನೇ ದರ್ಜೆ ಕೊಡೋದೇ ಕಷ್ಟ."

"ಕುಡೀರಿ ಅಂದ್ರೆ ಪರೀಕ್ಷೆ ಮಾಡ್ತೀರಲ್ಲ!"

"ಪರೀಕ್ಷೆ ಮುಗೀದೆ ಕುಡಿಯೋದು ಹೇಗೇ?"

ಎರಡೋ ಮೂರೋ ಎಂದು ತೂಗುತ್ತಾ ಬೆಳಗಿನವರೆಗೂ ಅಂಗಳದಲ್ಲಿ ಅಡ್ಡಾಡಿದ. ಒಟ್ಟಿಲಿಯಾ ಮಾತ್ರೆ ಕೊಟ್ಟಳು. ಅದನ್ನು ಅಡಕೊತ್ತಿನಂಥ ಬಾದಾಮಿ ಒಡೆಯುವ ಇಕ್ಕಳದಲ್ಲಿ ಒಡೆದು ಮೂಸಿದ. ಕಡುಬಿನೊಳಗೆ ಅಡಗಿಸಿಟ್ಟರೆ, ಕಡುಬಿಗೇ ಮೂರನೇ ದರ್ಜೆ ಕೊಟ್ಟ.

"ಭಾನುವಾರದೊಳಗೆ ನೀವು ಮಲಗದಿದ್ರೆ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲಾದ್ರೂ ಕಣ್ಣು ಮುಚ್ಚಬಹುದು," ಎಂದಳು ವಾಲ್ಬುರ್ಗಾ. ಬೆದರಿಕೆಯಾಗಿರಲಿಲ್ಲ. ಮೊನ್ನೆ ಚರ್ಚಿನಲ್ಲಿ ಪಾದ್ರಿಯ ಹೆಗಲಿಗೇ ಒರಗಿ ತೂಕಡಿಸಿದ್ದಳು.

ಭಾನುವಾರ ಬಂತು. ಪೆಟ್ಟಿಗೆ ಕಟ್ಟಿ, ಮೇಲಂಗಿಗಾಗಿ ಬೀರು ತೆರೆದಾಗ ಕಂಡದ್ದು ಉಡುಗೊರೆ ಬಂದ ಆ ಮುದ್ರೆಯ ಇಕ್ಕಳ. ಅದನ್ನೂ ಬಾಟಲಿಯನ್ನೂ ಅವನ ಮುಂದೆ ಕುಕ್ಕಿದಳು.

"ಹೇಳಿ, ಯಾವ ದರ್ಜೆ? ಹೇಳಿ ಮುದ್ರೆ ಒತ್ತಿ. ಆಮೇಲೆ ನೀವೂ ಮಾತಾಡೋ ಹಾಗಿಲ್ಲ."

ಕ್ವಿರೀನ್ ನೆಟ್ಟಗೆ ಕುಳಿತ. ಕೊನೆಯ ಬಾರಿ ಮೂಸಿ, "ಎರಡು," ಎಂದ. ಬಾಟಲಿಯ ಕುತ್ತಿಗೆಗೆ ದಾರ ಸುತ್ತಿ ಸೀಸದ ಮುದ್ರೆಯೊತ್ತಿದ.

"ಈಗ ಹತ್ತು ಹನಿ—" ಎಂದು ಅವಳು ಕೈಚಾಚಿದಳು.

"ಮುದ್ರೆ ಒಡೀತೀಯಾ? ತಲೆ ಕೆಟ್ಟಿದೆಯೇನೇ!" ಎಂದು ಬಾಟಲಿಯನ್ನು ಎದೆಗವಚಿಕೊಂಡ. ಹಾಗೆಯೇ ಬೆಂಚಿನ ಮೇಲೆ ಒರಗಿದ. ಗೊರಕೆಗೆ ಕಿಟಕಿಯ ಗಾಜು ನಡುಗಿತು. ವಾಲ್ಬುರ್ಗಾ ಪೆಟ್ಟಿಗೆಯ ಮೇಲೆ ತಲೆಯಿಟ್ಟು, ಕುಳಿತಲ್ಲೇ ನಿದ್ದೆಹೋದಳು.

ಈಗ ಅವನು ಗುರುವಾರಕ್ಕೊಮ್ಮೆ ಬ್ರೆಡ್ಡಿನಂಗಡಿಯ ಮುಂದೆ ಕೂರುತ್ತಾನೆ. ನಿದ್ದೆ ಬಾರದ ಊರವರು ಒಟ್ಟಿಲಿಯಾಳ ಅಂಗಡಿಯ ಬಾಟಲಿ ತರುತ್ತಾರೆ, ಅವನು ಮೂಸಿ ಮುದ್ರೆಯೊತ್ತುತ್ತಾನೆ. ತಲೆದಿಂಬಿನ ಬಳಿ ಇಟ್ಟುಕೊಂಡು ಎಲ್ಲರೂ ಮಲಗುತ್ತಾರೆ. ಬಾಟಲಿ ಖಾಲಿಯಾಗುವುದೇ ಇಲ್ಲವಾದ್ದರಿಂದ ಎರಡನೆಯದನ್ನು ಕೊಳ್ಳುವವರಿಲ್ಲ. ಆ ಚಿಂತೆಗೆ ನಿದ್ದೆಗೆಟ್ಟ ಒಟ್ಟಿಲಿಯಾ ಕಳೆದ ವಾರ ತಾನೇ ಬಂದು ಸಾಲಿನಲ್ಲಿ ನಿಂತಿದ್ದಳು.

ವಾಲ್ಬುರ್ಗಾಳ ಪೆಟ್ಟಿಗೆ ಇನ್ನೂ ಮಂಚದ ಕೆಳಗಿದೆ. ಅವಳ ಚಳಿಗಾಲದ ಕಾಲುಚೀಲಗಳೆಲ್ಲ ಅದರಲ್ಲೇ ಇವೆ. ಆದರೆ ತೆಗೆಯುವಂತಿಲ್ಲ. ಅದಕ್ಕೂ ಕ್ವಿರೀನ್ ಮುದ್ರೆಯೊತ್ತಿದ್ದಾನೆ.