ಮೊದಲ ಪುಟದ ನಕಾಯಿಜಾ

ಮಸಾಕಾ ಪಟ್ಟಣದ ಅಂಚೆ ಕಚೇರಿಯ ಜಗಲಿಯಲ್ಲಿ ಬೆರಳಚ್ಚು ಯಂತ್ರವಿಟ್ಟುಕೊಂಡು ಕೂರುವ ನಕಾಯಿಜಾಳಿಗೆ, ಪ್ರಕಾಶಕರು ಮರಳಿಸಿದ ಹಸ್ತಪ್ರತಿಯನ್ನು ಕಂಡರೆ ಹೆರಿಗೆಗೆ ಬಂದ ಮಗಳನ್ನು ಕಂಡಷ್ಟೇ ಅಕ್ಕರೆ. ಲಕೋಟೆ ಒಡೆದೊಡನೆ ಅವಳು ನೋಡುವುದು ವಿಷಾದದ ಪತ್ರವನ್ನಲ್ಲ, ಮೊದಲ ಪುಟದ ಕಲೆಗಳನ್ನು. "ನೋಡಿ ಸ್ವಾಮಿ, ಇಲ್ಲಿ ಚಹಾ ಚೆಲ್ಲಿದಾನೆ. ಎರಡನೇ ಪುಟ ಬೆಳ್ಳಗಿದೆ, ಅಂದ್ರೆ ತಿರುಗಿಸೇ ಇಲ್ಲ. ಓದದೋನು ಬೇಡ ಅಂದ್ರೆ ಅದೂ ಒಂದು ಮಾತಾ?" ಎಂದು ಬಾಡಿದ ಮುಖದ ಲೇಖಕನ ಕೈಗೆ ಹುರಿದ ಕಡಲೆಕಾಯಿ ತುಂಬಿ, ಮೊದಲ ಪುಟವನ್ನು ಪುಕ್ಕಟೆಯಾಗಿ ಹೊಸದಾಗಿ ಅಚ್ಚುಮಾಡಿಕೊಡುತ್ತಾಳೆ, ಹೊಸ ಪ್ರಕಾಶಕನಿಗೆ ಹಳೆಯ ಮನೆಯ ವಾಸನೆ ಬಡಿಯಬಾರದೆಂಬುದು ಅವಳ ಶಾಸ್ತ್ರ. ನಿವೃತ್ತ ಶಿಕ್ಷಕ ಲುಬೇಗಾ ಒಮ್ಮೆ, "ಇನ್ನು ಬರೆಯೋದೇ ಬಿಟ್ಟೆ ಕಣಮ್ಮ" ಎಂದಾಗ, "ಬಿಟ್ಟೋರು ಅಂಚೆಚೀಟಿ ಹಿಡ್ಕೊಂಡು ಬರ್ತಾರಾ ಮೇಷ್ಟ್ರೇ?" ಎಂದು ಕೇಳಿ ಅವರನ್ನು ನಗಿಸಿದವಳೂ ಅವಳೇ. ಅವರ ಒಂದೇ ಒಂದು ಕಾದಂಬರಿ ಹದಿನಾಲ್ಕು ಸಲ ಹೋಗಿ ಹದಿನಾಲ್ಕು ಸಲವೂ ಬಂದಿತು. ಮೇಷ್ಟ್ರು ದೈವಾಧೀನರಾಗಿ ಎರಡು ವರ್ಷಗಳಾದರೂ, ಈ ಸೋಮವಾರ ನಕಾಯಿಜಾ, ಮೇಷ್ಟ್ರ ಹೆಸರನ್ನೂ ತನ್ನ ವಿಳಾಸವನ್ನೂ ಹಾಕಿ ಹದಿನೈದನೆಯ ಸಲಕ್ಕೆ ಮೊದಲ ಪುಟವನ್ನು ಸಿದ್ಧಪಡಿಸಿದಳು. ಜೊತೆಯ ಪತ್ರದಲ್ಲಿ ಅವಳು ಸ್ವಂತವಾಗಿ ಸೇರಿಸಿದ್ದು ಕೊನೆಯ ಸಾಲನ್ನು ಮಾತ್ರ: "ಸಾವಕಾಶವಾಗಿ ಪೂರ್ತಿ ಓದಿ ತಿಳಿಸಿರಿ, ಲೇಖಕರಿಗೆ ಈಗ ಅವಸರವೇನೂ ಇಲ್ಲ."